ಪೈರಿನ ಬೆಳವಣಿಗೆಯ ಮೂಲವು: ಜೀವಕೋಶದಲ್ಲಿ ರೈಬೋಸೋಮು ಆರ್.ಎನ್.ಎ.ಯ ತಯಾರಿಕೆಯೂ ಅದರ ಹತೋಟಿಯೂ

(ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಊರ ಹಿರಿಯರಿಗೂ ಜಮೀನುದಾರರಿಗೂ)

ಒಂದೇ ದಿನ, ಒಂದೇ ಕಾಲುವೆಯ ನೀರಿನಲ್ಲಿ ಮಾಡಿದ ನೆಲ್ಲಿನ ಎರಡು ಸಸಿಮಡಿಗಳಲ್ಲಿ ಒಂದು ದಟ್ಟವಾಗಿ ಹಸುರೆದ್ದು, ಇನ್ನೊಂದು ಅಲ್ಲಲ್ಲಿ ಮಾತ್ರ ಮೊಳೆತು, ಮೊಳೆತ ಸಸಿಯೂ ಬಿಳಿಚಿಕೊಂಡು ನಿಲ್ಲುವುದನ್ನು ಸಿಂಧನೂರು ಸೀಮೆಯ ಜಮೀನುದಾರರು ಕಾಣದೆ ಇರಲಾರರು. ಲಿಂಗಸುಗೂರು, ಮಸ್ಕಿಗಳ ಕಡೆ ಮಳೆಯ ಆಸರೆಯಲ್ಲಿ ಬಿತ್ತುವ ತೊಗರಿ, ಸಜ್ಜೆ, ಜೋಳಗಳಲ್ಲಿಯೂ ಇಂತಹ ಭೇದವು ಕಂಡುಬರುವುದು. ಇದು ಬೀಜದ ದೋಷವೆಂದು ಒಬ್ಬರು, ಭೂಮಿಯ ದೋಷವೆಂದು ಒಬ್ಬರು, ಗೊಬ್ಬರ ಸಾಲದೆಂದು ಮತ್ತೊಬ್ಬರು ಹೇಳುವುದುಂಟು. ಕಡೆಗೆ ಬಹುಮಂದಿ ಮಾಡುವುದು ಒಂದೇ: ಇನ್ನೊಂದು ಚೀಲ ಗೊಬ್ಬರವನ್ನು ತಂದು ಎರಚುವುದು. ಇದರಿಂದ ಕೆಲವು ವೇಳೆ ಗುಣ ಕಾಣುವುದು. ಹಲವು ವೇಳೆ ಹಣ ವೆಚ್ಚವಾಗುವುದೇ ಹೊರತು ಪೈರು ಮೇಲೇಳುವುದಿಲ್ಲ.

ಪೈರು ಏಳುವುದೂ ಏಳದಿರುವುದೂ ಅದರ ಜೀವಕೋಶಗಳೊಳಗೆ ನಡೆಯುವ ಒಂದು ಕೆಲಸವನ್ನು ಬಹುಮಟ್ಟಿಗೆ ಅವಲಂಬಿಸಿದೆ. ರೈಬೋಸೋಮು ಆರ್.ಎನ್.ಎ. ಎಂಬ ವಸ್ತುವಿನ ತಯಾರಿಕೆಯೇ ಆ ಕೆಲಸ. ಹೆಸರು ಕಠಿನವಾಗಿ ತೋರಿದರೂ ವಿಷಯವು ಕಠಿನವಲ್ಲ. ಕಾಲುವೆಯ ನೀರನ್ನು ತೂಬುಗಳಿಂದ ಹಂಚಿಕೊಳ್ಳುವ ಕ್ರಮವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯತಕ್ಕದ್ದು. ಇದನ್ನು ತಿಳಿದುಕೊಂಡರೆ, ಗೊಬ್ಬರವನ್ನು ಯಾವಾಗ ಹಾಕಬೇಕು, ಎಷ್ಟಕ್ಕೆ ನಿಲ್ಲಿಸಬೇಕು, ಬಿತ್ತನೆಯ ಬೀಜವನ್ನು ಹೇಗೆ ಕಾಪಾಡಬೇಕು ಎಂಬ ಸಂಗತಿಗಳಿಗೆ ಕಾರಣವೂ ತಿಳಿದಂತಾಗುವುದು.

೧. ರೈಬೋಸೋಮು ಎಂದರೇನು?

ನೆಲ್ಲಿನ ಎಲೆಯೇ ಆಗಲಿ, ತೊಗರಿಯ ಬೇರೇ ಆಗಲಿ, ಮನುಷ್ಯನ ದೇಹವೇ ಆಗಲಿ, ಜೀವಕೋಶಗಳೆಂಬ ಬಹು ಸಣ್ಣ ಕೋಣೆಗಳಿಂದ ಕಟ್ಟಲ್ಪಟ್ಟಿದೆ. ಪೈರು ಬೆಳೆಯುವುದೆಂದರೆ ಈ ಕೋಶಗಳು ಹಿರಿದಾಗಿ, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುವುದು. ಹೀಗೆ ಹೆಚ್ಚಲು ಕೋಶಕ್ಕೆ ಮುಖ್ಯವಾಗಿ ಬೇಕಾದುದು ಸಸಾರಜನಕ, ಎಂದರೆ ಪ್ರೋಟೀನು. ಈ ಪ್ರೋಟೀನನ್ನು ನೆಯ್ಯುವ ಮಗ್ಗಗಳೇ ರೈಬೋಸೋಮುಗಳು. ಇವು ಎಷ್ಟು ಚಿಕ್ಕವೆಂದರೆ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಬಂದ ಮೇಲೆ ೧೯೫೫ರಲ್ಲಿ ಜಾರ್ಜ್ ಪಲಾಡೆ ಎಂಬ ವಿಜ್ಞಾನಿಯು ಇವುಗಳನ್ನು ಗುರುತಿಸಿ ವರ್ಣಿಸಿದನು.

ಮಗ್ಗವನ್ನು ಮರದಿಂದ ಮಾಡುವಂತೆ ರೈಬೋಸೋಮನ್ನು ಎರಡು ಬಗೆಯ ವಸ್ತುಗಳಿಂದ ಕೋಶವು ಕಟ್ಟುವುದು. ಒಂದು, ಸುಮಾರು ಎಂಬತ್ತು ಬಗೆಯ ಪ್ರೋಟೀನುಗಳು. ಇನ್ನೊಂದು, ನಾಲ್ಕು ಎಳೆಗಳ ರೈಬೋಸೋಮು ಆರ್.ಎನ್.ಎ. ಈ ಎಳೆಗಳು ಬರಿಯ ಚೌಕಟ್ಟೆಂದು ಮೊದಲು ತಿಳಿಯಲಾಗಿತ್ತು. ಆದರೆ ಪ್ರೋಟೀನಿನ ಕೊಂಡಿಯನ್ನು ಕೊಂಡಿಗೆ ಕೂಡಿಸುವ ಮುಖ್ಯ ಕೆಲಸವನ್ನು ಮಾಡುವುದು ಆರ್.ಎನ್.ಎ.ಯ ಎಳೆಯೇ ಎಂದು ರೈಬೋಸೋಮಿನ ಒಳರಚನೆಯನ್ನು ಬಿಡಿಸಿ ನೋಡಿದಾಗ ಸ್ಪಷ್ಟವಾಯಿತು. ಈ ರಚನೆಯನ್ನು ತಿಳಿಯಪಡಿಸಿದುದಕ್ಕಾಗಿ ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರಿಗೂ ಇನ್ನಿಬ್ಬರಿಗೂ ೨೦೦೯ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

ಕೋಶದಲ್ಲಿರುವ ಒಟ್ಟು ಆರ್.ಎನ್.ಎ.ಯಲ್ಲಿ ಹತ್ತರಲ್ಲಿ ಎಂಟು ಪಾಲು ಈ ರೈಬೋಸೋಮಿನ ಆರ್.ಎನ್.ಎ.ಯೇ ಆಗಿರುವುದು. ರೊಟ್ಟಿಯ ಹಿಟ್ಟನ್ನು ಹುದುಗಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಒಂದು ಕೋಶವು ಚೆನ್ನಾಗಿ ಬೆಳೆಯುತ್ತಿರುವಾಗ ನಿಮಿಷಕ್ಕೆ ಸುಮಾರು ೨,೦೦೦ ರೈಬೋಸೋಮುಗಳನ್ನು ಕಟ್ಟುವುದೆಂದು ಲೆಕ್ಕ ಮಾಡಿದ್ದಾರೆ. ಇದರಿಂದ ಈ ಕೆಲಸಕ್ಕೆ ಎಷ್ಟು ಸಾಮಗ್ರಿಯೂ ಶಕ್ತಿಯೂ ಬೇಕಾಗುವುವೆಂಬುದನ್ನು ಊಹಿಸಬಹುದು.

೨. ತಯಾರಿಕೆಯ ಕ್ರಮ

ಜೀವಕೋಶದ ನಡುವೆ ಕೋಶಕೇಂದ್ರವಿದೆ. ಅದರಲ್ಲಿ ವರ್ಣತಂತುಗಳೆಂಬ ದಾರಗಳಿವೆ. ನೆಲ್ಲಿನ ಕೋಶದಲ್ಲಿ ಇವುಗಳ ಸಂಖ್ಯೆ ೨೪. ಆ ಸಸ್ಯವು ಹೇಗಿರಬೇಕೆಂಬ ಒಕ್ಕಣೆಯೆಲ್ಲವೂ ಇವುಗಳಲ್ಲಿರುವ ಡಿ.ಎನ್.ಎ. ಎಂಬ ವಸ್ತುವಿನಲ್ಲಿ ಬರೆದಂತಿರುವುದು. ಕೋಶಕೇಂದ್ರದೊಳಗೆ ದಟ್ಟವಾದ ಒಂದು ಚುಕ್ಕೆಯು ಕಾಣುವುದುಂಟು. ಇದಕ್ಕೆ ನ್ಯೂಕ್ಲಿಯೋಲಸ್ ಎಂದು ಹೆಸರು. ಈ ಚುಕ್ಕೆಯನ್ನು ವಿದ್ವಾಂಸರು ಬಹುಕಾಲದಿಂದ ನೋಡುತ್ತಿದ್ದರೂ ಇದರ ಉಪಯೋಗವು ತಿಳಿದಿರಲಿಲ್ಲ. ೧೯೩೪ರಲ್ಲಿ ಅಮೆರಿಕಾದ ಬಾರ್ಬರಾ ಮೆಕ್ಲಿಂಟಾಕ್ ಎಂಬಾಕೆಯು ನಮ್ಮ ಹೊಲಗಳಲ್ಲಿಯೂ ಬೆಳೆಯುವ ಮೆಕ್ಕೆಜೋಳವನ್ನೇ ಪರೀಕ್ಷಿಸಿ, ಆರನೆಯ ವರ್ಣತಂತುವಿನ ಒಂದು ಗೊತ್ತಾದ ಸ್ಥಳದಿಂದಲೇ ಈ ಚುಕ್ಕೆಯು ಹುಟ್ಟುವುದೆಂದು ತೋರಿಸಿದಳು. ರೈಬೋಸೋಮು ಆರ್.ಎನ್.ಎ.ಯ ಕಾರ್ಖಾನೆಯು ಈ ಚುಕ್ಕೆಯೇ ಎಂಬುದು ೧೯೬೦ರ ದಶಕದಲ್ಲಿ ನಿರ್ಧಾರವಾಯಿತು.

ಮಸ್ಕಿಯ ಬಂಡೆಯ ಮೇಲಣ ಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದು, ಅದರಲ್ಲಿ ಅಶೋಕನ ಹೆಸರೇ ಇದ್ದುದರಿಂದ ಲೋಕಪ್ರಸಿದ್ಧವಾದುದು ಎಲ್ಲರಿಗೂ ತಿಳಿದ ವಿಷಯ. ಆ ಒಕ್ಕಣೆಯನ್ನು ಬಹುಮಟ್ಟಿಗೆ ಹೋಲುವ ಶಾಸನಗಳು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿಯೂ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿಯೂ ಇವೆ. ದೊಡ್ಡ ರಾಜ್ಯಕ್ಕೆ ಒಂದು ಬಂಡೆಯ ಬರಹವು ಸಾಲದೆ ಅದೇ ಮಾತನ್ನು ಹಲವು ಕಡೆ ಕೊರೆಯಿಸಬೇಕಾಯಿತು. ಕೋಶದ ಸ್ಥಿತಿಯೂ ಹಾಗೆಯೇ. ಬೇರೆ ಹಲವು ಒಕ್ಕಣೆಗಳು ಒಂದೆರಡು ಪ್ರತಿಗಳಷ್ಟೇ ಇದ್ದರೆ, ರೈಬೋಸೋಮು ಆರ್.ಎನ್.ಎ.ಯ ಒಕ್ಕಣೆಯು ಒಂದರ ಹಿಂದೆ ಒಂದರಂತೆ ಸಾಲಾಗಿ ಯೀಸ್ಟಿನಲ್ಲಿ ಸುಮಾರು ೧೫೦ ಬಾರಿ, ಸಸ್ಯಗಳಲ್ಲಿ ನೂರಾರು, ಕೆಲವುಗಳಲ್ಲಿ ಸಾವಿರಾರು ಬಾರಿ ಬರೆಯಲ್ಪಟ್ಟಿರುವುದು. ನೆಲ್ಲಿನಲ್ಲಿ ಈ ಸಾಲು ಒಂಬತ್ತನೆಯ ವರ್ಣತಂತುವಿನ ತುದಿಯಲ್ಲಿದೆ. ನಮ್ಮ ದೇಶದಲ್ಲಿ ಹೆಚ್ಚಾಗಿ ಬೆಳೆಯುವ ಇಂಡಿಕಾ ಜಾತಿಯ ನೆಲ್ಲುಗಳಲ್ಲಿ ಹತ್ತನೆಯದರಲ್ಲಿಯೂ ಕಂಡುಬಂದಿದೆ.

ಈ ಒಕ್ಕಣೆಯಿಂದ ಪ್ರತಿಯೆತ್ತುವ ಕಿಣ್ವವೊಂದು ಇದೆ. ಇದನ್ನು ಒಂದನೆಯ ಆರ್.ಎನ್.ಎ. ಪಾಲಿಮರೇಸ್ ಎನ್ನುವರು. ಇದು ಮೊದಲು ಒಂದು ಉದ್ದವಾದ ಎಳೆಯನ್ನು ತಯಾರಿಸುವುದು. ಬಳಿಕ ಆ ಎಳೆಯನ್ನು ಗೊತ್ತಾದ ಸ್ಥಳಗಳಲ್ಲಿ ಕತ್ತರಿಸಿ, ಬೇಡದ ತುಂಡುಗಳನ್ನು ತೆಗೆದು, ಮೂರು ಎಳೆಗಳನ್ನಾಗಿ ಮಾಡಿ, ಸರಿಯಾಗಿ ಮಡಿಸಿ, ಪ್ರೋಟೀನುಗಳೊಡನೆ ಕೂಡಿಸಬೇಕು. ನಾಲ್ಕನೆಯ ಚಿಕ್ಕ ಎಳೆಯು ಬೇರೊಂದು ಸ್ಥಳದಲ್ಲಿ, ಬೇರೊಂದು ಕಿಣ್ವದಿಂದ ತಯಾರಾಗಿ ಬಂದು ಸೇರುವುದು. ಹೀಗೆ ಕಟ್ಟಿದ ಮೇಲೆ ರೈಬೋಸೋಮಿನ ಎರಡು ಭಾಗಗಳು ಕೋಶಕೇಂದ್ರದಿಂದ ಹೊರಬಿದ್ದು ಕೆಲಸಕ್ಕೆ ನಿಲ್ಲುವುವು.

೩. ತೂಬನ್ನು ತೆರೆಯುವುದೂ ಮುಚ್ಚುವುದೂ

ಇಷ್ಟು ವೆಚ್ಚದ ಕೆಲಸವನ್ನು ಕೋಶವು ಎಲ್ಲ ಕಾಲದಲ್ಲಿಯೂ ಒಂದೇ ವೇಗದಲ್ಲಿ ನಡೆಯಿಸುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಹತೋಟಿಯಲ್ಲಿಡಲು ಎಷ್ಟು ತೂಬುಗಳನ್ನು ತೆರೆಯಬೇಕು, ತೆರೆದ ತೂಬನ್ನು ಎಷ್ಟು ಎತ್ತಬೇಕು ಎಂಬ ಎರಡು ಉಪಾಯಗಳಿರುವಂತೆ ಇಲ್ಲಿಯೂ ಎರಡು ಉಪಾಯಗಳಿವೆ. ಮೊದಲನೆಯದು, ನೂರಾರು ಒಕ್ಕಣೆಗಳಲ್ಲಿ ಕೆಲವನ್ನು ಮಾತ್ರ ತೆರೆದಿಟ್ಟು ಮಿಕ್ಕವನ್ನು ಬಿಗಿಯಾಗಿ ಸುತ್ತಿ ಮುಚ್ಚಿಬಿಡುವುದು. ಗೋಧಿಯನ್ನೂ ರೈ ಎಂಬ ಧಾನ್ಯವನ್ನೂ ಕೂಡಿಸಿ ಮಾಡಿದ ಬೆರಕೆಯ ತಳಿಯಲ್ಲಿ ಗೋಧಿಯ ಕಡೆಯ ಒಕ್ಕಣೆಗಳು ಕೆಲಸ ಮಾಡುತ್ತಿದ್ದು, ರೈಯ ಕಡೆಯವು ಮುಚ್ಚಿಕೊಂಡಿರುವುವೆಂದು ಕಂಡುಬಂದಿದೆ. ಎರಡನೆಯದು, ತೆರೆದಿರುವ ಒಕ್ಕಣೆಯಿಂದ ಎಷ್ಟು ಬೇಗಬೇಗನೆ ಪ್ರತಿಯೆತ್ತಬೇಕೆಂಬುದನ್ನು ಹೆಚ್ಚು ಕಡಮೆ ಮಾಡುವುದು. ದಿನದಿನದ ಹತೋಟಿಯು ಹೆಚ್ಚಾಗಿ ಈ ಎರಡನೆಯ ಉಪಾಯದಿಂದಲೇ ನಡೆಯುವುದು.

ತೂಬನ್ನು ಎತ್ತೆಂದು ಹೇಳುವವರು ಯಾರು? ಕೋಶದಲ್ಲಿ ಟಾರ್ ಎಂಬ ಹೆಸರಿನ ಒಂದು ಕಿಣ್ವವಿದೆ. ಎಲೆಯಿಂದ ಸಕ್ಕರೆಯೂ ಬೇರಿನಿಂದ ಸಾರಜನಕ ಮೊದಲಾದ ಆಹಾರಗಳೂ ಬರುತ್ತಿರುವವರೆಗೆ ಇದು ಚುರುಕಾಗಿದ್ದು, ರೈಬೋಸೋಮು ಆರ್.ಎನ್.ಎ.ಯ ತಯಾರಿಕೆಯನ್ನು ಹೆಚ್ಚಿಸುವುದು. ಬೇರು ಒಣಗಿದಾಗ ಹುಟ್ಟುವ ಅಬ್ಸಿಸಿಕ್ ಆಮ್ಲವೆಂಬ ಚೋದಕವು ಇದನ್ನು ತಡೆಯುವುದು; ಆಗ ತೂಬು ಇಳಿಯುವುದು. ಆಹಾರವು ತಪ್ಪಿದರೂ ಹೀಗೆಯೇ. ಸವಳು ಭೂಮಿಯಲ್ಲಿ ಪೈರು ಕುಗ್ಗಿ ನಿಲ್ಲುವುದಕ್ಕೂ ಇದು ಒಂದು ಕಾರಣ.

ಬೆಳವಣಿಗೆಯ ವೇಗಕ್ಕೂ ಈ ತಯಾರಿಕೆಗೂ ಇರುವ ಸಂಬಂಧವನ್ನು ೧೯೫೮ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದಲ್ಲಿ ಮೂವರು ವಿಜ್ಞಾನಿಗಳು ಒಂದು ಜಾತಿಯ ಬ್ಯಾಕ್ಟೀರಿಯಾವನ್ನಿಟ್ಟುಕೊಂಡು ಅಳೆದು ತೋರಿಸಿದರು. ಆಹಾರವು ಪುಷ್ಟವಾದಷ್ಟೂ ಬೆಳವಣಿಗೆಯ ವೇಗವೂ, ವೇಗ ಹೆಚ್ಚಿದಷ್ಟೂ ಕೋಶದೊಳಗಿನ ಆರ್.ಎನ್.ಎ.ಯ ಪ್ರಮಾಣವೂ ಏರುವುದೆಂದು ಅವರಿಗೆ ಕಂಡುಬಂದಿತು. ಪೈರಿನಲ್ಲಿಯೂ ಹೊಸ ಬೇರಿನ ತುದಿ, ಸುಳಿ, ತೆಂಡೆಯೊಡೆಯುವ ಬುಡ, ಈ ಸ್ಥಳಗಳಲ್ಲಿಯೇ ರೈಬೋಸೋಮುಗಳು ದಟ್ಟವಾಗಿರುವುವು. ಆದರೆ ಒಂದು ಮಾತನ್ನು ಮರೆಯಬಾರದು. ಆಹಾರ, ನೀರು, ಹದವಾದ ಶಾಖ ಇವೆಲ್ಲವೂ ಕೂಡಿದಾಗ ಮಾತ್ರ ತೂಬು ಪೂರ್ತಿಯಾಗಿ ಏಳುವುದು. ಇವುಗಳಲ್ಲಿ ಒಂದು ಕಡಮೆಯಾಗಿದ್ದರೆ ಉಳಿದುದನ್ನು ಎರಡರಷ್ಟು ಒದಗಿಸಿದರೂ ಏಳದು. ಇನ್ನೊಂದು ಚೀಲ ಗೊಬ್ಬರವು ಹಲವು ವೇಳೆ ವ್ಯರ್ಥವಾಗುವುದಕ್ಕೆ ಕಾರಣವು ಇದೇ.

೪. ತಾಯಿಯು ಕಟ್ಟಿಕೊಟ್ಟ ಬುತ್ತಿ

೧೯೬೪ರಲ್ಲಿ ಬ್ರೌನ್ ಮತ್ತು ಗರ್ಡನ್ ಎಂಬಿಬ್ಬರು ವಿಜ್ಞಾನಿಗಳು ಆಫ್ರಿಕಾದ ಒಂದು ಜಾತಿಯ ಕಪ್ಪೆಯಲ್ಲಿ ವಿಚಿತ್ರವಾದ ಸಂಗತಿಯನ್ನು ಕಂಡರು. ಕೆಲವು ಮರಿಗಳಿಗೆ ನ್ಯೂಕ್ಲಿಯೋಲಸ್ಸೇ ಇರಲಿಲ್ಲ. ಅವು ಹೊಸದಾಗಿ ರೈಬೋಸೋಮು ಆರ್.ಎನ್.ಎ.ಯನ್ನು ಮಾಡಲಾರದವಾಗಿದ್ದುವು. ಆದರೂ ಮೊಟ್ಟೆಯಿಂದ ಹೊರಬಂದು ಕೆಲವು ದಿನ ಈಜಾಡಿ, ಅನಂತರ ಸತ್ತುಹೋಗುತ್ತಿದ್ದುವು. ಆ ಕೆಲವು ದಿನಗಳು ಅವು ಬದುಕಿದುದು ತಾಯಿಯು ಮೊಟ್ಟೆಯಲ್ಲಿಟ್ಟಿದ್ದ ರೈಬೋಸೋಮುಗಳ ಬಲದಿಂದ.

ನಾವು ಬಿತ್ತುವ ಬೀಜದಲ್ಲಿಯೂ ಇಂತಹ ಬುತ್ತಿಯುಂಟು. ಬೀಜವು ಕಾಳು ಕಟ್ಟುವಾಗ ತಾಯಿಗಿಡದ ಆಹಾರದಿಂದ ತಯಾರಾದ ರೈಬೋಸೋಮುಗಳು ಒಣಗಿದ ಮೊಳಕೆಯೊಳಗೆ ನಿದ್ರಿಸುತ್ತಿರುವುವು. ಬೀಜವನ್ನು ನೀರಿನಲ್ಲಿ ನೆನೆಹಾಕಿದ ಸ್ವಲ್ಪ ಹೊತ್ತಿಗೇ ಅವು ಎಚ್ಚೆತ್ತು ಪ್ರೋಟೀನನ್ನು ನೆಯ್ಯಲು ಪ್ರಾರಂಭಿಸುವುವು. ಬಳಿಕ ಹೊಸ ಆರ್.ಎನ್.ಎ.ಯ ತಯಾರಿಕೆಯು ನಡೆದು, ಕೋಶಗಳು ಒಡೆದು, ಮೊಳಕೆಯು ಹೊರಬರುವುದು.

ಈ ಬುತ್ತಿಯು ಕೆಡದೆ ಇರಬೇಕಾದರೆ ಬೀಜವು ಒಣಗಿಯೂ ತಂಪಾಗಿಯೂ ಇರಬೇಕು. ಹಳೆಯದಾದ ಬೀಜಗಳನ್ನು ಪರೀಕ್ಷಿಸಿದವರು, ಅವುಗಳೊಳಗಿನ ರೈಬೋಸೋಮು ಆರ್.ಎನ್.ಎ.ಯ ಉದ್ದವಾದ ಎಳೆಗಳು ತುಂಡುತುಂಡಾಗಿರುವುದನ್ನು ಕಂಡಿದ್ದಾರೆ. ಅಂತಹ ಬೀಜವು ನೋಡಲು ದುಂಡಾಗಿ ಹೊಳೆಯುತ್ತಿದ್ದರೂ ಮೊಳೆಯಲು ತಡಮಾಡುವುದು, ಮೊಳೆತರೂ ದುರ್ಬಲವಾಗಿರುವುದು. ರಾಯಚೂರು ಜಿಲ್ಲೆಯ ಬೇಸಗೆಯಲ್ಲಿ ತಗಡಿನ ಮಾಳಿಗೆಯ ಕೆಳಗೆ ಚೀಲಗಳನ್ನೊಟ್ಟಿ ಮುಂಗಾರಿಯವರೆಗೂ ಇಟ್ಟ ಬೀಜಕ್ಕೆ ಆಗುವುದು ಇದೇ. ಬೀಜದ ತೇವವನ್ನು ನೂರಕ್ಕೆ ಒಂದು ಪಾಲು ಕಡಮೆ ಮಾಡಿದರೆ ಅದರ ಆಯುಸ್ಸು ಸುಮಾರು ಇಮ್ಮಡಿಯಾಗುವುದೆಂದೂ, ಉಗ್ರಾಣದ ಶಾಖವನ್ನು ಸುಮಾರು ಐದೂವರೆ ಡಿಗ್ರಿ ಸೆಲ್ಸಿಯಸ್ ಇಳಿಸಿದರೂ ಅಷ್ಟೇ ಫಲವೆಂದೂ ಬೀಜಶಾಸ್ತ್ರದಲ್ಲಿ ಒಂದು ಸಾಮಾನ್ಯ ನಿಯಮವಿದೆ. ಆದುದರಿಂದ ನೆಲ್ಲಿನ ಬೀಜವನ್ನು ತೇವವು ನೂರಕ್ಕೆ ೧೩ಕ್ಕೆ ಮೀರದಂತೆ ಒಣಗಿಸಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗಾಳಿಯಾಡುವ ನೆರಳಿನ ಕೋಣೆಯಲ್ಲಿಡತಕ್ಕದ್ದು.

ಬುತ್ತಿಯು ಉಳಿದಿದೆಯೇ ಎಂದು ನೋಡಲು ಪ್ರಯೋಗಶಾಲೆಯೇ ಬೇಕಾಗಿಲ್ಲ. ಎಣಿಸಿದ ನೂರು ಬೀಜಗಳನ್ನು ಒದ್ದೆಯ ಗೋಣಿತಟ್ಟಿನಲ್ಲಿ ಸುತ್ತಿ ನೆರಳಿನಲ್ಲಿಟ್ಟು, ಮೊಳೆತವನ್ನು ಎಣಿಸಿದರಾಯಿತು. ಪ್ರಮಾಣಿತ ನೆಲ್ಲಿನ ಬೀಜದಲ್ಲಿ ನೂರಕ್ಕೆ ೮೦ಕ್ಕೆ ಕಡಮೆಯಿಲ್ಲದೆ ಮೊಳೆಯಬೇಕೆಂಬುದು ನಮ್ಮ ದೇಶದ ನಿಯಮ. ಎಷ್ಟು ಮೊಳೆತುವೆಂಬುದನ್ನು ಮಾತ್ರವಲ್ಲದೆ, ಎಲ್ಲವೂ ಒಟ್ಟಿಗೆ ಮೊಳೆತುವೋ ಒಂದೊಂದಾಗಿ ದಿನಗಟ್ಟಲೆ ಹಿಂದೆಬಿದ್ದುವೋ ಎಂಬುದನ್ನೂ ಗಮನಿಸಬೇಕು. ಹಿಂದೆಬಿದ್ದುವೆಂದರೆ ಬುತ್ತಿಯು ಹಳಸಿದೆಯೆಂದು ತಿಳಿಯತಕ್ಕದ್ದು.

೫. ರಂಜಕದ ಲೆಕ್ಕ

ಆರ್.ಎನ್.ಎ.ಯ ಎಳೆಯು ಅಕ್ಷರಗಳ ಸರದಂತಿರುವುದು. ಒಂದೊಂದು ಅಕ್ಷರಕ್ಕೂ ರಂಜಕದ ಒಂದೊಂದು ಪರಮಾಣು ಬೇಕು. ಸಸ್ಯದ ಒಂದು ರೈಬೋಸೋಮಿನಲ್ಲಿ ಸುಮಾರು ೫,೫೦೦ ಅಕ್ಷರಗಳಿರುವುದರಿಂದ ಅದಕ್ಕೆ ಅಷ್ಟೇ ಸಂಖ್ಯೆಯ ರಂಜಕದ ಪರಮಾಣುಗಳು ಬೇಕಾಗುವುವು. ಕೋಶದಲ್ಲಿ ಬೇರೆ ವಸ್ತುಗಳೊಡನೆ ಕೂಡಿಕೊಂಡಿರುವ ರಂಜಕದ ಅತಿ ದೊಡ್ಡ ಭಂಡಾರವು ಈ ರೈಬೋಸೋಮು ಆರ್.ಎನ್.ಎ.ಯೇ. ರಂಜಕವಿಲ್ಲದ ಭೂಮಿಯಲ್ಲಿ ಸಸಿಯು ಗಿಡ್ಡಾಗಿ, ತೆಂಡೆಯೊಡೆಯದೆ ನಿಲ್ಲುವುದಕ್ಕೆ ಇದೂ ಒಂದು ಕಾರಣವು. ಕೊರತೆಯು ಹೆಚ್ಚಿದಾಗ ಪೈರು ತನ್ನ ಹಳೆಯ ಎಲೆಗಳ ರೈಬೋಸೋಮುಗಳನ್ನು ಒಡೆದು, ಅದರ ರಂಜಕವನ್ನು ಹೊಸ ಎಲೆಗೆ ಸಾಗಿಸುವುದು. ಆದುದರಿಂದಲೇ ರಂಜಕದ ಕೊರತೆಯ ಚಿಹ್ನೆಗಳು ಮೊದಲು ಕೆಳಗಣ ಎಲೆಗಳಲ್ಲಿ ತೋರುವುವು. ಆಸ್ಟ್ರೇಲಿಯಾ ಖಂಡದ ನೈಋತ್ಯ ಭಾಗದ ಬಡ ಭೂಮಿಯಲ್ಲಿ ಬೆಳೆಯುವ ಕೆಲವು ಕಾಡುಗಿಡಗಳು ಎಲೆಗಳಲ್ಲಿ ಬಹಳ ಕಡಮೆ ರೈಬೋಸೋಮು ಆರ್.ಎನ್.ಎ.ಯನ್ನಿಟ್ಟುಕೊಂಡು ಅಲ್ಪ ರಂಜಕದಲ್ಲಿಯೇ ಜೀವಿಸುವುವು. ಆದರೆ ಅವು ಬೆಳೆಯುವುದು ಬಲು ನಿಧಾನವಾಗಿ. ನಾಲ್ಕೈದು ತಿಂಗಳಲ್ಲಿ ಫಸಲು ಕೊಡಬೇಕಾದ ನೆಲ್ಲಿಗೆ ಆ ನಿಧಾನವು ಸಲ್ಲದು.

ಹಾಗಾದರೆ ಎಷ್ಟು ಹಾಕಬೇಕು? ಲೆಕ್ಕವನ್ನು ನೋಡೋಣ. ಡಿ.ಎ.ಪಿ.ಯಲ್ಲಿ ನೂರಕ್ಕೆ ೧೮ ಪಾಲು ಸಾರಜನಕವೂ, ಗೊಬ್ಬರದ ಲೆಕ್ಕದಲ್ಲಿ ೪೬ ಪಾಲು ರಂಜಕಾಮ್ಲವೂ ಇವೆ. ೫೦ ಕಿಲೋಗ್ರಾಂನ ಎರಡು ಚೀಲಗಳನ್ನು ಎಕರೆಗೆ ಹಾಕಿದರೆ ೪೬ ಕಿಲೋಗ್ರಾಂ ರಂಜಕಾಮ್ಲವನ್ನು ಹಾಕಿದಂತಾಯಿತು. ಒಂದು ಟನ್ ನೆಲ್ಲನ್ನು ಬೆಳೆಯಲು ಪೈರು ಭೂಮಿಯಿಂದ ತೆಗೆಯುವ ರಂಜಕವು ೨ ರಿಂದ ೩ ಕಿಲೋಗ್ರಾಂ. ಎಕರೆಗೆ ೨೫ ಕ್ವಿಂಟಲ್ ನೆಲ್ಲು ಬಂದಿತೆಂದಿಟ್ಟುಕೊಂಡರೂ ಹೆಚ್ಚೆಂದರೆ ಏಳೂವರೆ ಕಿಲೋಗ್ರಾಂ. ಇದನ್ನು ರಂಜಕಾಮ್ಲದ ಲೆಕ್ಕಕ್ಕೆ ತಂದರೆ ಸುಮಾರು ೧೭ ಕಿಲೋಗ್ರಾಂ. ಉಳಿದ ೨೯ ಕಿಲೋಗ್ರಾಂ ಎಲ್ಲಿ ಹೋಯಿತು? ಅದು ಯೂರಿಯಾದಂತೆ ಸುಲಭವಾಗಿ ನೀರಿನೊಡನೆ ಹರಿದುಹೋಗುವುದಿಲ್ಲ; ಬಹುಪಾಲು ನಮ್ಮ ಎರೆಭೂಮಿಯ ಸುಣ್ಣದೊಡನೆ ಕೂಡಿ ಮಣ್ಣಿನಲ್ಲಿಯೇ ಕಟ್ಟಿಬೀಳುವುದು. ಹೀಗೆ ಕಟ್ಟಿಬೀಳುವುದಕ್ಕಾಗಿ ಪೈರು ತೆಗೆಯುವುದಕ್ಕಿಂತ ಸ್ವಲ್ಪ ಹೆಚ್ಚಾಗಿ ಕೊಡಬೇಕಾಗುವುದು ನಿಜ. ಆದರೆ ವರ್ಷಕ್ಕೆ ಎರಡು ಬೆಳೆಗೂ ಇದೇ ಪ್ರಮಾಣದಲ್ಲಿ ಹತ್ತಾರು ವರ್ಷ ಹಾಕುತ್ತ ಬಂದ ಗದ್ದೆಯಲ್ಲಿ ರಂಜಕವು ಕೂಡಿರುವುದು ಸಹಜ. ಅಲ್ಲದೆ ಗದ್ದೆಯಲ್ಲಿ ನೀರು ನಿಂತಾಗ ಕಟ್ಟಿಬಿದ್ದ ರಂಜಕದಲ್ಲಿ ಸ್ವಲ್ಪ ಭಾಗವು ಬಿಡುಗಡೆಯಾಗಿ ನೆಲ್ಲಿಗೆ ದೊರೆಯುವುದು. ಮಣ್ಣಿನ ಪರೀಕ್ಷೆಯನ್ನು ಮಾಡಿಸದೆ ಚೀಲದ ಮೇಲೆ ಚೀಲ ಹಾಕುವುದು ತುಂಬಿದ ಹಗೇವಿಗೆ ಮತ್ತೆ ಜೋಳವನ್ನು ಸುರಿದಂತೆ.

ಹಾಕುವ ಕಾಲವೂ ಮುಖ್ಯವು. ರಂಜಕವು ಮಣ್ಣಿನಲ್ಲಿ ಇದ್ದ ಸ್ಥಳವನ್ನು ಬಿಟ್ಟು ಹೆಚ್ಚು ದೂರ ಸರಿಯದು. ಬೇರೂ ತೆಂಡೆಯೂ ಹುಟ್ಟುವ ಮೊದಲ ವಾರಗಳಲ್ಲಿಯೇ ಪೈರಿಗೆ ಇದು ಹೆಚ್ಚಾಗಿ ಬೇಕು. ಆದುದರಿಂದ ಕೊಡತಕ್ಕ ರಂಜಕವನ್ನೆಲ್ಲ ಕೆಸರು ಮಾಡುವಾಗಲೇ ಕೊಟ್ಟುಬಿಡಬೇಕು. ಹೊಡೆ ಬರುವ ಕಾಲದಲ್ಲಿ ಡಿ.ಎ.ಪಿ.ಯನ್ನು ಎರಚುವುದರಿಂದ ಪ್ರಯೋಜನವಿಲ್ಲ. ಸಾರಜನಕವಾದರೋ ನೀರಿನೊಡನೆ ಹೋಗಿಬಿಡುವ ವಸ್ತುವಾದುದರಿಂದ ಅದನ್ನು ನಾಟಿ, ತೆಂಡೆ, ಹೊಡೆ ಎಂಬ ಮೂರು ಕಾಲಗಳಲ್ಲಿ ಹಂಚಿ ಕೊಡಬೇಕು. ಲಿಂಗಸುಗೂರು, ಮಸ್ಕಿಗಳ ಮಳೆಯಾಶ್ರಯದ ತೊಗರಿ, ಜೋಳಗಳಿಗೆ ರಂಜಕವನ್ನು ಹೊಲವೆಲ್ಲ ಚೆಲ್ಲದೆ ಕೂರಿಗೆಯಿಂದ ಬೀಜದ ಸಾಲಿನಲ್ಲಿಯೇ, ಬೀಜಕ್ಕೆ ತಾಗದಂತೆ ಸ್ವಲ್ಪ ಕೆಳಗೆ ಇಳಿಯಬಿಟ್ಟರೆ, ಕಡಮೆ ಗೊಬ್ಬರವೇ ಎಳೆಯ ಬೇರಿಗೆ ಸಿಕ್ಕುವುದು. ತೊಗರಿಯ ಬೀಜಕ್ಕೆ ರೈಜೋಬಿಯಂ ಅಣುಜೀವಿಯನ್ನೂ ರಂಜಕವನ್ನು ಕರಗಿಸುವ ಅಣುಜೀವಿಯನ್ನೂ ಲೇಪಿಸುವುದು ಅಗ್ಗವಾದ ಉಪಾಯವು.

೬. ಹೆಚ್ಚಾದರೆ ಸತುವಿಗೆ ಕೊರತೆ

ಹೆಚ್ಚು ರಂಜಕದಿಂದ ಹಣ ಮಾತ್ರವೇ ಹೋಗುವುದೆಂದು ತಿಳಿಯಬಾರದು. ಸುಣ್ಣವುಳ್ಳ ಎರೆಯಲ್ಲಿ ಸತುವು ಮೊದಲೇ ಪೈರಿಗೆ ಸಿಕ್ಕುವುದು ಕಷ್ಟ. ರಂಜಕವು ಅತಿಯಾದರೆ ಕೊರತೆಯು ಇನ್ನೂ ಹೆಚ್ಚುವುದು. ರೈಬೋಸೋಮು ಆರ್.ಎನ್.ಎ.ಯ ಪ್ರತಿಯೆತ್ತುವ ಕಿಣ್ವದಲ್ಲಿ ಸತುವು ಒಂದು ಅಂಗವಾಗಿದೆ. ಸತುವು ಸಾಲದ ನೆಲ್ಲಿನ ಸುಳಿಯಲ್ಲಿ ರೈಬೋಸೋಮುಗಳು ಬಹಳವಾಗಿ ಕಡಮೆಯಾಗುವುವೆಂದು ಜಪಾನಿನಲ್ಲಿ ನಡೆದ ಪ್ರಯೋಗಗಳಿಂದ ತಿಳಿದಿದೆ. ಎಂದರೆ, ರೈಬೋಸೋಮುಗಳನ್ನು ಹೆಚ್ಚಿಸಲೆಂದು ಮಿತಿಮೀರಿ ಕೊಟ್ಟ ರಂಜಕವೇ ಸತುವನ್ನು ತಡೆದು ರೈಬೋಸೋಮುಗಳನ್ನು ಕಡಮೆ ಮಾಡಿದಂತಾಯಿತು.

ನಾಟಿಯಾದ ಎರಡರಿಂದ ನಾಲ್ಕು ವಾರಗಳಲ್ಲಿ ಹೊಸ ಎಲೆಯ ಬುಡದಲ್ಲಿ ನಡುನರವು ಬಿಳಿಚಿ, ಕೆಳಗಣ ಎಲೆಗಳಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳೆದ್ದು, ಗದ್ದೆಯು ತೇಪೆತೇಪೆಯಾಗಿ ಕುಗ್ಗಿದ್ದರೆ ಸತುವಿನ ಕೊರತೆಯೆಂದು ಶಂಕಿಸಬೇಕು. ಇದನ್ನು ನೋಡಿ ಮತ್ತೆ ಡಿ.ಎ.ಪಿ.ಯನ್ನು ಎರಚಿದರೆ ರೋಗಕ್ಕೆ ರೋಗವನ್ನೇ ಮದ್ದಾಗಿ ಕೊಟ್ಟಂತೆ. ಕೊರತೆಯಿರುವ ಗದ್ದೆಗೆ ನಾಟಿಗೆ ಮೊದಲು ಎಕರೆಗೆ ೮ ರಿಂದ ೧೦ ಕಿಲೋಗ್ರಾಂ ಸತುವಿನ ಸಲ್ಫೇಟನ್ನು ಮರಳು ಅಥವಾ ಹುಡಿಮಣ್ಣಿನೊಡನೆ ಬೆರಸಿ ಹಾಕಬಹುದು. ರಂಜಕದ ಗೊಬ್ಬರದೊಡನೆ ಮಾತ್ರ ಬೆರಸಕೂಡದು. ನಿಂತ ಪೈರಿಗೆ ಲೀಟರು ನೀರಿಗೆ ೫ ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಅರಳಿದ ಸುಣ್ಣದ ಪ್ರಮಾಣದಲ್ಲಿ ಕದಡಿ, ಸೋಸಿದ ತಿಳಿಯನ್ನು ಸಿಂಪಡಿಸಬಹುದು.

೭. ಬಿಸಿಲೂ ನೀರೂ

ಶಾಖವು ಅತಿಯಾದಾಗ ಕೆಡುವುದು ಪ್ರತಿಯೆತ್ತುವ ಕೆಲಸ ಮಾತ್ರವಲ್ಲ. ಎತ್ತಿದ ಉದ್ದನೆಯ ಎಳೆಯು ಸರಿಯಾಗಿ ಮಡಿಸಿಕೊಳ್ಳದೆ, ಕತ್ತರಿಸುವ ಕೆಲಸವೂ ಕೆಡುವುದು. ನೆಲ್ಲಿನಲ್ಲಿ ಈ ಎಳೆಯನ್ನು ಬಿಸಿಲಿನ ಕಾಲದಲ್ಲಿ ಸರಿಯಾದ ಆಕಾರದಲ್ಲಿ ಹಿಡಿದಿಡುವ ಒಂದು ಪ್ರೋಟೀನು ನ್ಯೂಕ್ಲಿಯೋಲಸ್ಸಿನೊಳಗೆ ಇರುವುದೆಂದು ೨೦೧೬ರಲ್ಲಿ ಚೀನದ ವಿಜ್ಞಾನಿಗಳು ಪ್ರಕಟಿಸಿದರು. ಇದು ಹೆಚ್ಚಾಗಿರುವ ನೆಲ್ಲು ಶಾಖದಲ್ಲಿಯೂ ಚೆನ್ನಾಗಿ ಬೆಳೆಯಿತು. ಬಿಸಿಲನ್ನು ತಾಳುವ ತಳಿಗಳನ್ನು ಮುಂದೆ ಪಡೆಯುವುದಕ್ಕ ಇದು ಒಂದು ದಾರಿಯಾಗಬಹುದು. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಬಿತ್ತನೆಯ ಕಾಲವನ್ನು ತಪ್ಪದೆ ಹಿಡಿಯುವುದು.

ನೀರಿನ ವಿಷಯವನ್ನು ಈ ಸೀಮೆಯವರಿಗೆ ಹೆಚ್ಚಾಗಿ ಹೇಳಬೇಕಾಗಿಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ೧೯ನೆಯ ಗೇಟು ಕೊಚ್ಚಿಹೋದಾಗ ಎಡದಂಡೆಯ ಊರುಗಳವರು ಪಟ್ಟ ಕಳವಳವು ಇನ್ನೂ ನೆನಪಿನಲ್ಲಿದೆ. ಕಾಲುವೆಯ ತುದಿಯ ಗದ್ದೆಗಳಲ್ಲಿ ನೀರು ತಡವಾಗುವುದು ಸಾಮಾನ್ಯ. ನೀರಿಲ್ಲದೆ ಬಾಡಿದ ಪೈರು ತನ್ನ ತೂಬನ್ನು ತಾನೇ ಇಳಿಸಿಕೊಂಡಿರುವುದು. ಆ ಸ್ಥಿತಿಯಲ್ಲಿ ಹಾಕಿದ ಗೊಬ್ಬರವನ್ನು ಅದು ಬಳಸಿಕೊಳ್ಳಲಾರದು. ನೀರು ಬಂದು, ಪೈರು ಚೇತರಿಸಿಕೊಂಡ ಮೇಲೆ ಹಾಕಿದ ಅರ್ಧ ಚೀಲವು ಒಣಗಿದಾಗ ಹಾಕಿದ ಒಂದು ಚೀಲಕ್ಕಿಂತ ಮೇಲು.

೮. ಔಷಧದ ವಿಷಯದಲ್ಲಿ ಒಂದು ಎಚ್ಚರಿಕೆ

ದುಂಡಾಣು ಅಂಗಮಾರಿ ರೋಗ ಬಂದ ನೆಲ್ಲಿಗೆ ಸ್ಟ್ರೆಪ್ಟೋಮೈಸಿನ್ ಬೆರೆತ ಔಷಧವನ್ನು ಸಿಂಪಡಿಸುವ ರೂಢಿಯು ಬೆಳೆದುಬಂದಿತು. ಈ ಔಷಧವು ದುಂಡಾಣುವಿನ ರೈಬೋಸೋಮು ಆರ್.ಎನ್.ಎ.ಗೆ ಅಂಟಿಕೊಂಡು ಅದರ ಪ್ರೋಟೀನಿನ ನೆಯ್ಗೆಯನ್ನು ಕೆಡಿಸುವುದು. ಆದರೆ ಎಲೆಗೆ ಹಸುರನ್ನು ಕೊಡುವ ಹರಿತ್ಕಣಗಳಲ್ಲಿಯೂ ದುಂಡಾಣುವಿನದನ್ನೇ ಹೋಲುವ ರೈಬೋಸೋಮುಗಳಿವೆ. ಆದುದರಿಂದ ಮಿತಿಮೀರಿದರೆ ಎಲೆಯೂ ಬಿಳಿಚುವುದು. ಇದಕ್ಕಿಂತ ದೊಡ್ಡ ಅಪಾಯವೆಂದರೆ, ದುಂಡಾಣುಗಳು ತಮ್ಮ ರೈಬೋಸೋಮಿನಲ್ಲಿ ಅಲ್ಪ ಬದಲಾವಣೆಯನ್ನು ಮಾಡಿಕೊಂಡು ಈ ಔಷಧಕ್ಕೆ ಬಗ್ಗದಂತಾಗುವುದು. ಇದೇ ಔಷಧವು ಮನುಷ್ಯರ ಕ್ಷಯರೋಗಕ್ಕೂ ಬಳಸಲ್ಪಟ್ಟಿದೆ. ಇದನ್ನು ಬೇಸಾಯದಿಂದ ತೆಗೆದುಹಾಕುವ ಕರಡು ಆಜ್ಞೆಯನ್ನು ಕೇಂದ್ರ ಸರ್ಕಾರವು ೨೦೨೧ರ ಡಿಸೆಂಬರಿನಲ್ಲಿ ಹೊರಡಿಸಿತು. ಯೂರಿಯಾವನ್ನು ಅತಿಯಾಗಿ ಹಾಕದಿರುವುದು, ರೋಗ ಬಂದ ಗದ್ದೆಯ ನೀರನ್ನು ನೆರೆಯ ಗದ್ದೆಗೆ ಬಿಡದಿರುವುದು, ರೋಗವನ್ನು ತಡೆಯುವ ತಳಿಯನ್ನು ಆರಿಸುವುದು, ಇವೇ ಈ ರೋಗಕ್ಕೆ ನಂಬತಕ್ಕ ಉಪಾಯಗಳು.

೯. ಮಾಡತಕ್ಕ ಕೆಲಸಗಳು

ಮೇಲೆ ವಿವರಿಸಿದುದನ್ನು ಕೆಳಗಣಂತೆ ಸಂಗ್ರಹಿಸಬಹುದು.

(೧) ಕಾಲುವೆಗೆ ನೀರು ಬಿಡುವುದಕ್ಕೆ ಮೊದಲೇ, ಮಳೆಯ ಸೀಮೆಯಲ್ಲಿ ಮುಂಗಾರಿಗೆ ಮೊದಲೇ, ನೂರು ಬೀಜಗಳ ಮೊಳಕೆಯ ಪರೀಕ್ಷೆಯನ್ನು ಮಾಡುವುದು.

(೨) ಬಿತ್ತನೆಯ ಬೀಜವನ್ನು ಚೆನ್ನಾಗಿ ಒಣಗಿಸಿ, ತಗಡಿನ ಕೆಳಗಿಡದೆ ತಂಪಾದ ಕೋಣೆಯಲ್ಲಿಡುವುದು.

(೩) ಫಸಲು ಕೊಯ್ದ ಮೇಲೆ ಗದ್ದೆಯ ಹಲವು ಕಡೆಗಳಿಂದ ಮಣ್ಣನ್ನು ತೆಗೆದು ಪರೀಕ್ಷೆಗೆ ಕಳುಹಿಸಿ, ರಂಜಕ, ಸತು, ಸವಳು ಇವುಗಳ ಪ್ರಮಾಣವನ್ನು ತಿಳಿದುಕೊಳ್ಳುವುದು.

(೪) ರಂಜಕವನ್ನೆಲ್ಲ ಆರಂಭದಲ್ಲಿಯೂ, ಸಾರಜನಕವನ್ನು ಹಂಚಿಯೂ ಕೊಡುವುದು. ಪೈರು ಬಾಡಿರುವಾಗ ಗೊಬ್ಬರ ಹಾಕದಿರುವುದು.

(೫) ಪೈರು ಬಿಳಿಚಿದರೆ ಮೊದಲು ಕಾರಣವನ್ನು ಹುಡುಕಿ, ಅನಂತರ ಗೊಬ್ಬರದ ಅಂಗಡಿಗೆ ಹೋಗುವುದು.

ಈ ಕೆಲಸಗಳಲ್ಲಿ ಸಲಹೆ ಬೇಕಾದವರು ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನಾಗಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವನ್ನಾಗಲಿ ಕೇಳಬಹುದು. ಆದರೆ ಊರಿನಲ್ಲಿ ಒಂದು ಹೊಸ ಪದ್ಧತಿಯು ನೆಲೆಗೊಳ್ಳುವುದು ಸಲಹೆಯಿಂದಲ್ಲ, ಕಣ್ಣಾರೆ ಕಂಡುದರಿಂದ. ಆದುದರಿಂದ ಊರ ಗೌಡರೂ ಪಂಚಾಯಿತಿಯ ಹಿರಿಯರೂ ದೊಡ್ಡ ಹಿಡುವಳಿಯ ಯಜಮಾನರೂ ಈ ಸಲ ತಮ್ಮ ಜಮೀನಿನಲ್ಲಿ ಒಂದು ಎಕರೆಯನ್ನು ಇದಕ್ಕಾಗಿ ಪ್ರತ್ಯೇಕಿಸಿ, ಅರ್ಧಕ್ಕೆ ವಾಡಿಕೆಯಂತೆಯೂ, ಅರ್ಧಕ್ಕೆ ಮಣ್ಣಿನ ಪರೀಕ್ಷೆಯಲ್ಲಿ ತಿಳಿಸಿದಂತೆಯೂ ಗೊಬ್ಬರವನ್ನು ಕೊಟ್ಟು, ಎರಡರ ವೆಚ್ಚವನ್ನೂ ಫಸಲನ್ನೂ ಬರೆದಿಡಬೇಕು. ಸುಗ್ಗಿಯ ಕಾಲದಲ್ಲಿ ನೆರೆಹೊರೆಯವರನ್ನು ಕರೆದು ಎರಡು ರಾಶಿಗಳನ್ನೂ ತೋರಿಸಿದರೆ ಹೆಚ್ಚು ಮಾತಿನ ಅವಶ್ಯಕತೆಯೇ ಇರದು. ಸಾಲ ತಂದು ಗೊಬ್ಬರವನ್ನು ಕೊಳ್ಳುವ ಚಿಕ್ಕ ರೈತನಿಗೆ ಒಂದು ಚೀಲದ ಉಳಿತಾಯವು ಸಣ್ಣದಲ್ಲ. ಆ ಉಳಿತಾಯಕ್ಕೆ ದಾರಿ ತೋರಿಸುವುದು ಊರ ಹಿರಿಯರ ಕೈಯಲ್ಲಿದೆ.